ನಿಮ್ಮ ಎದೆಯ ಮೇಲಿನ ಬಿಲ್ಲೆ ಯಾರದು?

ಹಿಂದೆ ಸರ್ಕಾರಿ ಕಚೇರಿಗಳ ಜವಾನರು ಎದೆಗೆ ಅಡ್ಡಲಾಗಿ ಡವಾಲಿ ಹಾಕುತ್ತಿದ್ದರು. ಡವಾಲಿಯ ನಡುವೆ ಫಳಫಳ ಹೊಳೆಯುವ ಹಿತ್ತಾಳೆ ಬಿಲ್ಲೆ. ಆ ಬಿಲ್ಲೆಯನ್ನು ನೋಡಿದರೆ ಸಾಕು, ಈತ ಯಾರ ಆಳು ಎಂದು ಊರಿಗೆಲ್ಲ ತಿಳಿಯುತ್ತಿತ್ತು. ಆದರೆ ಒಂದು ಮಾತು. ಬಿಲ್ಲೆ ಹೊತ್ತಿದ್ದಕ್ಕೆ ಜವಾನನಿಗೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು. ಬಿಲ್ಲೆಯನ್ನು ತಿಕ್ಕಲು ಹುಣಸೆಹಣ್ಣು ಅವನದಿರಬಹುದು, ಬಿಲ್ಲೆಗೆ ಮಾತ್ರ ಅವನು ದುಡ್ಡು ಕೊಡುತ್ತಿರಲಿಲ್ಲ.

ಇವತ್ತು ನೀವು ಕೊಡುತ್ತೀರಿ. ಒಂದು ಬಿಲ್ಲೆಗೆ ಹತ್ತು ಡಾಲರಿಗೂ ಮೇಲೆ! ಅಂದರೆ ನಮ್ಮ ಲೆಕ್ಕದಲ್ಲಿ ಎಂಟುನೂರು ರೂಪಾಯಿ ದಾಟಿತು. ಅದರ ಮೇಲೆ ಮಿಕ್ಕಿ ಇಲಿಯ ಮುಖ ಇರುತ್ತದೆ. ಮುಖದ ಪಕ್ಕದಲ್ಲಿ ಕೆಲವೊಮ್ಮೆ ತಂಪು ಪಾನೀಯದ ಕಂಪನಿ, ಕ್ಯಾಮೆರಾ ಕಂಪನಿ, ಕಾರಿನ ಕಂಪನಿ, ಬ್ಯಾಂಕಿನ ಕಾರ್ಡು. ಅಮೆರಿಕಕ್ಕೆ ಕೆಲಸಕ್ಕೆ ಹೋದ ಅಣ್ಣನೋ, ಅಲ್ಲೇ ಹುಟ್ಟಿ ಬೆಳೆದ ಚಿಕ್ಕಪ್ಪನ ಮಗಳೋ ಊರಿಗೆ ಬಂದಾಗ ತಂದುಕೊಡುವ ಈ ಪಿನ್ನನ್ನು ನಮ್ಮ ಹುಡುಗರು ಬ್ಯಾಗಿಗೆ ಸಿಕ್ಕಿಸಿಕೊಂಡು ಎಂ.ಜಿ. ರಸ್ತೆಯಲ್ಲಿ ಓಡಾಡುತ್ತಾರೆ. ಓಡಾಡಲಿ, ಬೇಡ ಅನ್ನುವವನು ನಾನಲ್ಲ. ಆದರೆ ಗೆಳೆಯರೇ, ಯಾರ ಬಿಲ್ಲೆ ಹೊತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ಉತ್ತರ ಗೊತ್ತಿರಬೇಕಲ್ಲವೇ? ಈ ಬರಹ ಅದಕ್ಕಾಗಿ.

ಉಪ್ಪಿನಕಾಯಿಯಿಂದ ಶುರುವಾದ ಕಥೆ

ಈ ಬಿಲ್ಲೆಯ ಗೀಳು ನಿನ್ನೆ ಮೊನ್ನೆಯದಲ್ಲ. 1893ರಲ್ಲಿ ಶಿಕಾಗೋ ನಗರದಲ್ಲಿ ಒಂದು ವಿಶ್ವಮೇಳ ನಡೆಯಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ಕೂಡ ಅದೇ ಮೇಳದ ಜೊತೆಗೆ ನಡೆದದ್ದು. ಆ ಮೇಳದಲ್ಲಿ ಹೈಂಜ್ ಎಂಬ ಉಪ್ಪಿನಕಾಯಿ ವ್ಯಾಪಾರಿಗೆ ಸಿಕ್ಕಿದ ಮಳಿಗೆ ಮಹಡಿಯ ಮೇಲಿತ್ತು. ಮೆಟ್ಟಿಲು ಹತ್ತಿ ಬರುವವರೇ ಇಲ್ಲ. ಆತ ಸುಮ್ಮನೆ ಕೂರಲಿಲ್ಲ. ಮೇಲೆ ಬಂದರೆ ಪುಕ್ಕಟೆ ಉಡುಗೊರೆ ಎಂದು ಚೀಟಿ ಅಚ್ಚು ಹಾಕಿಸಿ ಹಂಚಿದ. ಉಡುಗೊರೆ ಎಂದರೆ ಏನು? ಸಣ್ಣ ಸೌತೆಕಾಯಿಯ ಆಕಾರದ ಒಂದು ಪುಟ್ಟ ಬಿಲ್ಲೆ, ಅದರ ಮೇಲೆ ಅವನ ಕಂಪನಿಯ ಹೆಸರು. ಅಷ್ಟೇ. ಜನ ಮುಗಿಬಿದ್ದರು. ಮಹಡಿ ಕುಸಿದೀತೆಂದು ಮೇಳದವರು ಅದಕ್ಕೆ ಆಸರೆ ಕೊಡಿಸಬೇಕಾಯಿತು. ಆ ಉಪ್ಪಿನಕಾಯಿ ಬಿಲ್ಲೆ ಮುಂದೆ ಪಿನ್ನಾಗಿ ಅಮೆರಿಕದ ಜಾಹೀರಾತಿನ ಇತಿಹಾಸದಲ್ಲೇ ಹೆಸರುವಾಸಿಯಾಯಿತು.

ಮೂರು ವರ್ಷ ಕಳೆಯಿತು. 1896ರ ಅಧ್ಯಕ್ಷರ ಚುನಾವಣೆಯಲ್ಲಿ ಸೆಲ್ಯುಲಾಯ್ಡ್ ಹೊದಿಸಿದ ಗುಂಡಿಯಾಕಾರದ ಬಿಲ್ಲೆಗಳು ಬಂದವು. ಅದೇ ಹೊತ್ತಿಗೆ ಸಿಗರೇಟು ಕಂಪನಿಗಳು ಪ್ಯಾಕಿನೊಂದಿಗೆ ಚಿತ್ರದ ಬಿಲ್ಲೆ ಕೊಡಲು ಶುರುಮಾಡಿದವು. ಪತ್ರಿಕೆಯ ಕಾರ್ಟೂನಿನಲ್ಲಿ ಮಕ್ಕಳ ಮನ ಗೆದ್ದಿದ್ದ 'ಹಳದಿ ಹುಡುಗ'ನನ್ನೂ ಸಿಗರೇಟು ಕಂಪನಿ ಬಿಡಲಿಲ್ಲ. ಸಿಗರೇಟು ಸೇದುವವನು ಅಪ್ಪ, ಬಿಲ್ಲೆ ಬೇಡುವವನು ಮಗ. ಹೇಗಿದೆ ಉಪಾಯ?

ಅತ್ತ ಒಲಿಂಪಿಕ್ಸ್‌ನಲ್ಲಿ ಇನ್ನೊಂದು ದಾರಿ. 1896ರ ಅಥೆನ್ಸ್ ಕೂಟದಲ್ಲಿ ಆಟಗಾರರು ಯಾರು, ಅಧಿಕಾರಿಗಳು ಯಾರು ಎಂದು ಗುರುತಿಸಲು ರಟ್ಟಿನ ಬಿಲ್ಲೆ ಕೊಟ್ಟರು. ಆಟಗಾರರು ಸ್ನೇಹಕ್ಕೆಂದು ಅವನ್ನು ಬದಲಾಯಿಸಿಕೊಳ್ಳತೊಡಗಿದರು. ಎಷ್ಟು ಚೆಂದದ ಪದ್ಧತಿ! ನನ್ನ ದೇಶದ ಗುರುತು ನಿನಗೆ, ನಿನ್ನ ದೇಶದ ಗುರುತು ನನಗೆ. ದುಡ್ಡಿನ ಮಾತೇ ಇಲ್ಲ. ಇಂಥ ಚೆಂದದ ಜಾಗಕ್ಕೆ ವ್ಯಾಪಾರಿ ಬಾರದೆ ಇರುತ್ತಾನೆಯೇ? 1988ರಲ್ಲಿ ಕೆನಡಾದ ಕ್ಯಾಲ್ಗರಿಯ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕೋಕಾ ಕೋಲಾ ಕಂಪನಿ ಪಿನ್ ಬದಲಾಯಿಸಿಕೊಳ್ಳಲು ತನ್ನದೇ ಕೇಂದ್ರ ತೆರೆಯಿತು. ಆಟಗಾರರ ಸ್ನೇಹದ ಪದ್ಧತಿ ಪ್ರಾಯೋಜಕರ ಚಪ್ಪರದ ಕೆಳಗೆ ಬಂದದ್ದು ಹೀಗೆ.

ಎಪ್ಕಾಟಿನ ಸಂತೆ

ಒಲಿಂಪಿಕ್ಸ್‌ನಲ್ಲಿ ಜನ ಬಿಲ್ಲೆಗಾಗಿ ಹೇಗೆ ಹಾತೊರೆಯುತ್ತಾರೆಂದು ಡಿಸ್ನಿ ಕಂಪನಿ ನೋಡಿತು. 1999ರ ಅಕ್ಟೋಬರಿನಲ್ಲಿ, ಹೊಸ ಸಹಸ್ರಮಾನದ ಹಬ್ಬದ ಹೆಸರಲ್ಲಿ, ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಪಿನ್ ಬದಲಾವಣೆಯ ಸಂತೆ ಶುರುಮಾಡಿತು. ಅಲ್ಲಿಂದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡು, ಪ್ಯಾರಿಸ್ಸು ಎಂದು ಹಬ್ಬಿತು.

ಅದರ ನಿಯಮ ಸರಳ. ಪಾರ್ಕಿನ ನೌಕರ ಕೊರಳಲ್ಲಿ ಒಂದು ಪಟ್ಟಿ ಹಾಕಿರುತ್ತಾನೆ. ಪಟ್ಟಿಯ ತುಂಬ ಪಿನ್ನುಗಳು. ನೀವು ನಿಮ್ಮ ಒಂದು ಪಿನ್ನು ಕೊಟ್ಟು ಅವನ ಒಂದು ಪಿನ್ನು ತೆಗೆದುಕೊಳ್ಳಬಹುದು. ಪಿನ್ನು ಅಸಲಿಯಾಗಿದ್ದರೆ, ನಿಯಮಕ್ಕೆ ಹೊಂದಿದರೆ, ನೌಕರ ಇಲ್ಲ ಅನ್ನುವ ಹಾಗಿಲ್ಲ. ಪಾರ್ಕಿನೊಳಗೆ ಪಿನ್ನಿಗೆ ಬದಲು ಪಿನ್ನೇ ಹೊರತು ನಗದು ಕೊಡುವ ಹಾಗಿಲ್ಲ. ಪಿನ್ನು ಲೋಹದ್ದಾಗಿರಬೇಕು, ಡಿಸ್ನಿಯ ಪಾತ್ರವೋ ಜಾಗವೋ ಹಬ್ಬವೋ ಅದರ ಮೇಲಿರಬೇಕು.

ಇಲ್ಲೇ ಇರುವುದು ಗುಟ್ಟು. ಆ ನಿಯಮದಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಪಾರ್ಕಿನ ಜೊತೆ ವ್ಯವಹಾರ ಇಟ್ಟುಕೊಂಡ ಪಾಲುದಾರ ಕಂಪನಿಗಳ ಪಿನ್ನಾದರೆ, ಡಿಸ್ನಿಯ ಪಾತ್ರ ಇಲ್ಲದಿದ್ದರೂ, ಡಿಸ್ನಿಯ ನಂಟನ್ನು ತೋರಿಸುವಂತಿದ್ದರೆ ನಡೆಯಬಹುದು! ಅಂದರೆ ಇಲಿಯ ಮುಖವಿಲ್ಲದಿದ್ದರೂ ಸರಿಯೇ, ಕಾಸು ಕೊಟ್ಟ ಕಂಪನಿಯ ಮುದ್ರೆ ಇದ್ದರೆ ಅದೂ ಚಲಾವಣೆಯ ನಾಣ್ಯ.

ಲೆಕ್ಕ ಹಾಕಿ ನೋಡಿ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ನಾಳೆ ಅದು ಕಡಲೆಕಾಯಿ ಪೊಟ್ಟಣ. ರಸ್ತೆಯಲ್ಲಿ ಫಲಕ ಹಾಕಿದರೆ ಬಾಡಿಗೆ ಕಟ್ಟಬೇಕು. ಟಿ.ವಿ.ಯಲ್ಲಿ ಹಾಕಿದರೆ ಜನ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಪಿನ್ನು ಹಾಗಲ್ಲ. ಅದನ್ನು ನೀವೇ ಕೊಳ್ಳುತ್ತೀರಿ, ನೀವೇ ತೊಡುತ್ತೀರಿ, ನೀವೇ ಹತ್ತು ಜನರಿಗೆ ತೋರಿಸುತ್ತೀರಿ, ಮನೆಗೆ ತಂದು ಮಖಮಲ್ಲಿನ ಹಲಗೆಯ ಮೇಲೆ ಚುಚ್ಚಿ ಇಪ್ಪತ್ತು ವರ್ಷ ಕಾಪಾಡುತ್ತೀರಿ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದು ಇದಕ್ಕೇ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

ಡಿಸ್ನಿಲ್ಯಾಂಡ್ ಅಂದರೆ ವಾಲ್ಟ್ ಡಿಸ್ನಿಯ ಕನಸು ಎಂದು ನೀವು ಓದಿರುತ್ತೀರಿ. ಕನಸು ಅವನದೇ. ಕಾಸು? 1955ರ ಜುಲೈ 17ರಂದು ಬಾಗಿಲು ತೆರೆದ ಆ ಪಾರ್ಕಿಗೆ ತಗುಲಿದ ಖರ್ಚು ಸುಮಾರು 1 ಕೋಟಿ 70 ಲಕ್ಷ ಡಾಲರ್. ಎ.ಬಿ.ಸಿ. ಎಂಬ ಟಿ.ವಿ. ಕಂಪನಿ 5 ಲಕ್ಷ ಡಾಲರ್ ಹಾಕಿತು, 45 ಲಕ್ಷ ಡಾಲರ್ ಸಾಲಕ್ಕೆ ಜಾಮೀನು ನಿಂತಿತು. ಅದಕ್ಕೆ ಬದಲಾಗಿ ಪಾರ್ಕಿನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲನ್ನು ಪಡೆಯಿತು. ಉಳಿದದ್ದರಲ್ಲಿ ಒಂದು ಭಾಗ ಬಂದದ್ದು ಮಳಿಗೆ ಹಿಡಿದ ಕಂಪನಿಗಳಿಂದ.

ಮೊದಲ ವರ್ಷದ ಪಟ್ಟಿಯನ್ನು ಸ್ವಲ್ಪ ನೋಡಿ. ಮಕ್ಕಳು ಪುಟ್ಟ ಕಾರು ಓಡಿಸುವ 'ಆಟೋಪಿಯಾ'ಕ್ಕೆ ರಿಚ್‌ಫೀಲ್ಡ್ ಎಣ್ಣೆ ಕಂಪನಿ. ಚಂದ್ರನತ್ತ ಹೋಗುವ ರಾಕೆಟ್ಟಿಗೆ ಟಿ.ಡಬ್ಲ್ಯು.ಎ. ವಿಮಾನ ಕಂಪನಿ. ರಸಾಯನಶಾಸ್ತ್ರದ ಪ್ರದರ್ಶನಕ್ಕೆ ಮಾನ್ಸಾಂಟೋ. ಕ್ಯಾಮೆರಾ ಅಂಗಡಿಗೆ ಕೊಡಾಕ್. ಹಾಲು, ಮಾಂಸ, ಕಾಫಿ, ಔಷಧಿ, ಬ್ಯಾಂಕು ಎಲ್ಲದಕ್ಕೂ ಒಂದೊಂದು ಕಂಪನಿ. ಇಷ್ಟೇ ಅಲ್ಲ, ಮಕ್ಕಳ ಆ ಸ್ವರ್ಗದ ಮುಖ್ಯಬೀದಿಯಲ್ಲಿ ಹೆಂಗಸರ ಒಳಉಡುಪಿನ ಕಂಪನಿಯದೂ ಒಂದು ಅಂಗಡಿ ಇತ್ತು! ಅದು ವರ್ಷ ತುಂಬುವ ಮೊದಲೇ ಬಾಗಿಲು ಹಾಕಿತು ಅನ್ನುವುದು ಬೇರೆ ಮಾತು.

1964ರಲ್ಲಿ ನ್ಯೂಯಾರ್ಕಿನ ವಿಶ್ವಮೇಳ. ಅಲ್ಲಿ ಡಿಸ್ನಿ ಕಟ್ಟಿದ ನಾಲ್ಕು ಪ್ರದರ್ಶನಗಳಲ್ಲಿ ಒಂದಕ್ಕೆ ಫೋರ್ಡ್, ಒಂದಕ್ಕೆ ಜನರಲ್ ಎಲೆಕ್ಟ್ರಿಕ್, ಒಂದಕ್ಕೆ ಇಲಿನಾಯ್ ರಾಜ್ಯ, ಇನ್ನೊಂದಕ್ಕೆ ಪೆಪ್ಸಿ ಕೋಲಾ ದುಡ್ಡು ಕೊಟ್ಟವು. ಪೆಪ್ಸಿಯ ದುಡ್ಡಿನಲ್ಲಿ, ಯುನಿಸೆಫ್‌ನ ಹೆಸರಿನಲ್ಲಿ ಎದ್ದದ್ದೇ 'ಪುಟ್ಟ ಪ್ರಪಂಚ'ದ ಬೊಂಬೆಗಳ ದೋಣಿಯಾತ್ರೆ. ಜಗತ್ತಿನ ಮಕ್ಕಳೆಲ್ಲ ಒಂದೇ ಎಂದು ಸಾರುವ ಆ ಹಾಡು ಅಲ್ಲಿ ಕೇಳಿಸುವುದು ಇಂಗ್ಲಿಷ್, ಇಟಾಲಿಯನ್, ಜಪಾನಿ, ಸ್ಪ್ಯಾನಿಷ್, ಸ್ವೀಡಿಷ್ ಈ ಐದು ಭಾಷೆಗಳಲ್ಲಿ. ಭಾರತದ ಬೊಂಬೆಯೂ ಅಲ್ಲಿದೆ, ಚೆನ್ನಾಗಿ ಉಡುಪು ತೊಡಿಸಿದ್ದಾರೆ. ನಮ್ಮ ಬೊಂಬೆಗೆ ಸೀರೆ ಸಿಕ್ಕಿತು, ನಾಲಗೆ ಸಿಗಲಿಲ್ಲ! ಕನ್ನಡದ ಹುಡುಗ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಯೋಜಕನ ಪ್ರಪಂಚ ಪುಟ್ಟದಾಗಿ ಕಾಣುವುದು ಅದರಲ್ಲಿ ಕೆಲವೇ ನುಡಿಗಳಿಗೆ ಜಾಗ ಇರುವುದರಿಂದ.

ಪಾಠ ಹೇಳಿದ ಎಣ್ಣೆ ಕಂಪನಿ

ತಿಂಡಿಯ ಅಂಗಡಿಗೆ ಹೆಸರು ಹಾಕಿಸಿಕೊಂಡರೆ ಹೋಗಲಿ ಬಿಡಿ ಅನ್ನಬಹುದು. ಆದರೆ 1982ರ ಅಕ್ಟೋಬರ್ 1ರಂದು ತೆರೆದ ಎಪ್ಕಾಟ್ ಪಾರ್ಕಿನ ಕಥೆಯೇ ಬೇರೆ. ಅದು ಬರೀ ಆಟದ ಜಾಗವಲ್ಲ, ತಿಳಿವಳಿಕೆಯ ಜಾಗ ಎಂದು ಸಾರಿದರು. ಶಾಲೆಯ ಮಕ್ಕಳನ್ನು ಕರೆತಂದು ತೋರಿಸುವ ಜಾಗ. ಅಲ್ಲಿ ಪಾಠ ಹೇಳಿದವರು ಯಾರು?

ಗುಹೆಯ ಮನುಷ್ಯನಿಂದ ಇವತ್ತಿನವರೆಗೆ ಮಾತು ಮತ್ತು ಬರಹ ಬೆಳೆದು ಬಂದ ಕಥೆ ಹೇಳುವ ದೊಡ್ಡ ಗೋಳ, ಟೆಲಿಫೋನ್ ಕಂಪನಿಯದು. ಸಾರಿಗೆಯ ಕಥೆ, ಕಾರು ಮಾಡುವ ಜನರಲ್ ಮೋಟಾರ್ಸ್‌ನದು. ಅನ್ನ ಮತ್ತು ನೆಲದ ಕಥೆ, ಡಬ್ಬಿಯ ಗಿಣ್ಣು ಮಾರುವ ಕ್ರಾಫ್ಟ್ ಕಂಪನಿಯದು. 1993ರ ಹೊತ್ತಿಗೆ ಅದು ನೆಸ್ಲೆಯ ಕೈಗೆ ಬಂತು. ನಮ್ಮ ನಂಜನಗೂಡಿನಲ್ಲಿ 1989ರಿಂದ ಕಾರ್ಖಾನೆ ನಡೆಸುತ್ತಿರುವ ಅದೇ ನೆಸ್ಲೆ. ತರಕಾರಿ ತಿನ್ನಿ ಎಂದು ಮಕ್ಕಳಿಗೆ ಹಾಡಿ ತೋರಿಸುವ ಕೆಲಸವನ್ನು ಪೊಟ್ಟಣದ ತಿಂಡಿಯವರಿಗೇ ಒಪ್ಪಿಸಿದರು.

ಇವೆಲ್ಲದರ ನಡುವೆ ಶಕ್ತಿಯ ಕಥೆ. ಕಲ್ಲಿದ್ದಲು ಹೇಗೆ ಬಂತು, ಎಣ್ಣೆ ಹೇಗೆ ಬಂತು, ನಾಳೆ ಜಗತ್ತು ಯಾವುದರಿಂದ ನಡೆಯುತ್ತದೆ ಎಂದು ಡೈನೋಸಾರ್‌ಗಳನ್ನು ಕುಣಿಸಿ ತೋರಿಸುವ ಮಂಟಪ. 1982ರಿಂದ 2004ರವರೆಗೆ ಅದರ ಪ್ರಾಯೋಜಕ ಎಕ್ಸಾನ್, ಅಂದರೆ ಜಗತ್ತಿನ ಅತಿ ದೊಡ್ಡ ಎಣ್ಣೆ ಕಂಪನಿಗಳಲ್ಲಿ ಒಂದು. ನ್ಯಾಯವಾಗಿ ಹೇಳಬೇಕೆಂದರೆ ಆ ಕಟ್ಟಡದ ಚಾವಣಿಯ ಮೇಲೆ ಬಿಸಿಲಿನಿಂದ ವಿದ್ಯುತ್ ಮಾಡುವ 80,000 ಕೋಶಗಳನ್ನು ಕೂರಿಸಿದ್ದರು. ಆ ಕಾಲಕ್ಕೆ ಅದು ದೊಡ್ಡ ಕೆಲಸವೇ. ಆದರೆ ಕಥೆಯ ಇನ್ನೊಂದು ಮುಖವನ್ನೂ ಕೇಳಿ. ಎಣ್ಣೆ ಕಲ್ಲಿದ್ದಲು ಸುಟ್ಟರೆ ಭೂಮಿ ಬಿಸಿಯಾಗುತ್ತದೆ ಎಂದು ಎಕ್ಸಾನಿನ ವಿಜ್ಞಾನಿಗಳು 1977ರಷ್ಟು ಹಿಂದೆಯೇ ತಮ್ಮ ಧಣಿಗಳ ಮುಂದೆ ಹೇಳಿದ್ದರು. ಆ ಕಡತಗಳು 2015ರಲ್ಲಿ ಪತ್ರಕರ್ತರ ಕೈಗೆ ಸಿಕ್ಕಿ ಬಯಲಾದವು. ಆ ಕಂಪನಿಯೊಳಗಿನ ಲೆಕ್ಕಾಚಾರಗಳು ಎಷ್ಟು ಸರಿಯಾಗಿದ್ದವೆಂದು 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಧ್ಯಯನವೊಂದು ಬಂತು. ಒಳಗೆ ಒಂದು ಲೆಕ್ಕ, ಹೊರಗೆ ಸಂಶಯದ ತುತ್ತೂರಿ. 1989ರ ಮಾರ್ಚಿನಲ್ಲಿ ಅದೇ ಕಂಪನಿಯ ವಾಲ್ಡೀಜ್ ಹಡಗು ಅಲಾಸ್ಕದ ಕಡಲಿಗೆ 1 ಕೋಟಿ 10 ಲಕ್ಷ ಗ್ಯಾಲನ್ ಎಣ್ಣೆ ಚೆಲ್ಲಿದಾಗಲೂ ಎಪ್ಕಾಟಿನ ಮಂಟಪದ ಮೇಲಿನ ಹೆಸರು ಅಲ್ಲಾಡಲಿಲ್ಲ.

ಈಗ ಆ ಮಂಟಪದ ಪಿನ್ನನ್ನು ಕೈಯಲ್ಲಿ ಹಿಡಿಯಿರಿ. ಅದು ಬರೀ ಆಟಿಕೆಯೇ? ಒಂದು ಮಗುವಿಗೆ ಜಗತ್ತಿನ ಬಗ್ಗೆ ಮೊದಲ ಪಾಠ ಯಾರು ಹೇಳುತ್ತಾರೆ ಅನ್ನುವುದು ಸಣ್ಣ ಪ್ರಶ್ನೆಯಲ್ಲ. ಮೇಷ್ಟರು ಹೇಳಿದರೆ ತಪ್ಪಿದಾಗ ಕೇಳಬಹುದು. ಪುಸ್ತಕ ಹೇಳಿದರೆ ಇನ್ನೊಂದು ಪುಸ್ತಕ ತಿರುವಬಹುದು. ಟಿಕೀಟು ಕೊಂಡು ಕತ್ತಲ ಕೋಣೆಯಲ್ಲಿ ಕೂತು, ಸಂಗೀತ ಕೇಳಿಸಿಕೊಂಡು, ಹೊರಗೆ ಬಂದು ಅದರದೇ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡ ಮೇಲೆ ಪ್ರಶ್ನೆ ಕೇಳುವ ಬಾಯಿ ಎಲ್ಲಿ ಉಳಿಯುತ್ತದೆ?

ನೀವು ಹೇಳುವುದನ್ನೂ ಕೇಳೋಣ

'ಸಾರ್, ಕಂಪನಿಗಳು ದುಡ್ಡು ಹಾಕದಿದ್ದರೆ ಇವೆಲ್ಲ ಕಟ್ಟುವವರು ಯಾರು?' ಎನ್ನುತ್ತೀರಿ. ಒಪ್ಪಿದೆ. ಕಂಪನಿಯ ಕಾಸಿಲ್ಲದೆ ಡಿಸ್ನಿಲ್ಯಾಂಡ್ ಏಳುತ್ತಿರಲಿಲ್ಲ. ಕಾಸು ಕೊಟ್ಟವನು ಹೆಸರು ಹಾಕಿಸಿಕೊಳ್ಳುವುದು ನಮ್ಮಲ್ಲೂ ಉಂಟು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಬೆಳಕಿಗಿಂತ ಹೆಚ್ಚು ಜಾಗ ದಾನಿಗಳ ಹೆಸರಿಗೇ ಹೋಗುತ್ತದೆ. ಆದರೆ ಟ್ಯೂಬ್‌ಲೈಟ್ ದಾನ ಮಾಡಿದವನು ಪುರಾಣ ಹೇಳಲು ಕೂರುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದು ಬೇರೆ, ಕಥೆಯನ್ನೇ ತನಗೆ ಬೇಕಾದ ಹಾಗೆ ಬರೆಸಿಕೊಳ್ಳುವುದು ಬೇರೆ.

'ಪಿನ್ ಕೂಡಿಸುವುದು ಬರೀ ಹವ್ಯಾಸ, ಅದರಲ್ಲಿ ಇಷ್ಟೆಲ್ಲ ಹುಡುಕಬೇಕೇ?' ಎನ್ನುತ್ತೀರಿ. ಹವ್ಯಾಸವೇ, ಒಳ್ಳೆಯ ಹವ್ಯಾಸ. ನಾಚಿಕೆಯ ಮಗುವೊಂದು ಗುರುತಿಲ್ಲದ ನೌಕರನ ಮುಂದೆ ನಿಂತು 'ಇದನ್ನು ಬದಲಾಯಿಸಿಕೊಳ್ಳುತ್ತೀರಾ?' ಎಂದು ಕೇಳಲು ಕಲಿಯುತ್ತದೆ. ಮಕ್ಕಳ ಜೊತೆ ಮಾತ್ರ ಬದಲಾಯಿಸಲೆಂದೇ ಕೆಲವು ನೌಕರರಿಗೆ ಹಸಿರು ಪಟ್ಟಿ ಕೊಟ್ಟದ್ದೂ ಉಂಟು. ಹಣವಿಲ್ಲದೆ ಕೊಡುಕೊಳ್ಳುವುದು ಇಂದಿನ ಕಾಲದಲ್ಲಿ ಎಲ್ಲಿದೆ ಹೇಳಿ?

ನಮ್ಮಲ್ಲೂ ಕೂಡಿಸುವ ಚಪಲ ಇತ್ತು. ಬೆಂಕಿಪೊಟ್ಟಣದ ಚಿತ್ರ, ಸಿಗರೇಟು ಪ್ಯಾಕು, ಸೋಡಾ ಬಾಟಲಿಯ ಮುಚ್ಚಳ, ಅಂಚೆಚೀಟಿ, ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚೀಟಿ. ಅವುಗಳ ಮೇಲೂ ಕಂಪನಿಯ ಹೆಸರೇ ಇತ್ತಲ್ಲ ಎನ್ನುತ್ತೀರಿ. ಇತ್ತು. ಆದರೆ ಹೆಚ್ಚಿನವನ್ನು ನಾವು ಬೀದಿಯಲ್ಲಿ ಹೆಕ್ಕಿದೆವು. ಕಂಪನಿ ಎಸೆದದ್ದನ್ನು ನಮ್ಮ ಆಟದ ನಾಣ್ಯ ಮಾಡಿಕೊಂಡೆವು. ಯಾವ ಮುಚ್ಚಳಕ್ಕೆ ಎಷ್ಟು ಬೆಲೆ ಎಂದು ತೀರ್ಮಾನಿಸುತ್ತಿದ್ದದ್ದು ನಮ್ಮ ಕೇರಿಯ ಹುಡುಗರು, ಕಂಪನಿಯ ಮ್ಯಾನೇಜರಲ್ಲ.

ಪಿನ್ನಿನ ವಿಷಯದಲ್ಲಿ ಬೆಲೆ ಕಟ್ಟುವವರು ಯಾರು? ಬೆನ್ನ ಮೇಲೆ 'ಸೀಮಿತ ಆವೃತ್ತಿ 500' ಎಂದು ಅಚ್ಚಾಗಿರುತ್ತದೆ. ಐನೂರೇ ಮಾಡಬೇಕೆಂದು ಗುರುತ್ವಾಕರ್ಷಣೆಯ ನಿಯಮವೇನೂ ಇಲ್ಲ. ಮಾಡುವವನೇ ನಿಲ್ಲಿಸಿದ್ದಾನೆ. ಬರುವ ತಿಂಗಳು ಮಿಕ್ಕಿಯ ಅಂಗಿಯ ಬಣ್ಣ ಬದಲಿಸಿ ಇನ್ನೊಂದು ಐನೂರು ಮಾಡಬಹುದು. ಕೊರತೆಯೂ ಅಲ್ಲಿ ತಯಾರಾಗುವ ಸರಕು. ಅದರ ಮೇಲೆ ನಕಲಿ ಪಿನ್ನುಗಳ ಕಾಟ. ಅಸಲಿ ಪಿನ್ನುಗಳೂ ಬಹುಪಾಲು ತಯಾರಾಗುವುದು ಚೀನಾದಲ್ಲೇ. ಕಳಪೆ ಎಂದು ತೆಗೆದುಹಾಕಿದ ಪಿನ್ನುಗಳು, ಕದ್ದ ಅಚ್ಚಿನವು, ಅನುಮತಿಯಿಲ್ಲದೆ ಹೊಡೆದವು ಎಲ್ಲ ಸೇರಿ ಕೆ.ಜಿ. ಲೆಕ್ಕದ ಹಾಗೆ ಮಾರಾಟವಾಗುತ್ತವೆ. ಪಾಪದ ಮಗು ಅಸಲಿ ಕೊಟ್ಟು ನಕಲಿ ತರುತ್ತದೆ. ಬಣ್ಣ ಮಾಸಿದ್ದರೆ, ಎನಾಮೆಲ್ ಗುಳಿ ಬಿದ್ದಿದ್ದರೆ, ಅಂಚು ಒರಟಾಗಿದ್ದರೆ, ಬೆನ್ನಿನ ಮೇಲಿನ ಪುಟ್ಟ ಮಿಕ್ಕಿ ತಲೆಗಳ ಸಾಲು ಅಂಚಿನವರೆಗೆ ಹೋಗದೆ ನಡುವೆಯೇ ನಿಂತಿದ್ದರೆ ಅನುಮಾನಪಡಿ.

ಸತ್ತ ಕಂಪನಿಗಳ ಸಾಕ್ಷಿ

ಹಾಗಾದರೆ ಪಿನ್ನುಗಳನ್ನು ತಿಪ್ಪೆಗೆ ಎಸೆಯಬೇಕೇ? ಖಂಡಿತ ಬೇಡ! ನನ್ನ ವಾದ ಅದಕ್ಕೆ ಉಲ್ಟಾ. ಪ್ರಾಯೋಜಕರ ಪಿನ್ನೇ ಎಲ್ಲಕ್ಕಿಂತ ಹೆಚ್ಚು ಕೂಡಿಡಬೇಕಾದ ಪಿನ್ನು. ಯಾಕೆಂದರೆ ಮಿಕ್ಕಿ ಇಲಿ ಎಲ್ಲ ಕಾಲಕ್ಕೂ ಇರುತ್ತದೆ, ಪ್ರಾಯೋಜಕ ಇರುವುದಿಲ್ಲ.

ಈಸ್ಟರ್ನ್ ಏರ್‌ಲೈನ್ಸ್ ಎಂಬ ವಿಮಾನ ಕಂಪನಿ ಒಂದು ಕಾಲಕ್ಕೆ ಡಿಸ್ನಿ ವರ್ಲ್ಡ್‌ನ ಅಧಿಕೃತ ವಿಮಾನ ಕಂಪನಿ. 1972ರಿಂದ ಅಲ್ಲಿ ಅದರದೇ ಒಂದು ಪ್ರದರ್ಶನವಿತ್ತು. 1991ರ ಜನವರಿಯಲ್ಲಿ ಕಂಪನಿ ಮುಚ್ಚಿಯೇ ಹೋಯಿತು. ಕೊಡಾಕ್ ನೆನಪಿದೆಯೇ? ನಮ್ಮ ತಾಲ್ಲೂಕು ಕೇಂದ್ರಗಳ ಸ್ಟುಡಿಯೋ ಬಾಗಿಲಲ್ಲೂ ಅದರ ಹಳದಿ ಬೋರ್ಡು ತೂಗುತ್ತಿತ್ತು. ಎಪ್ಕಾಟಿನಲ್ಲಿ 'ಕಲ್ಪನಾಶಕ್ತಿ'ಯ ಮಂಟಪಕ್ಕೆ 1982ರಿಂದ 2010ರವರೆಗೆ ಅದೇ ಪ್ರಾಯೋಜಕ. ಕಲ್ಪನೆಗೆ ಹಣ ಹಾಕಿದ ಆ ಕಂಪನಿಗೆ ಫಿಲ್ಮಿಲ್ಲದ ಕ್ಯಾಮೆರಾ ತನ್ನ ಅನ್ನ ಕಸಿಯುತ್ತದೆಂಬ ಸತ್ಯ ಅರಗಲಿಲ್ಲ. ಆ ಕ್ಯಾಮೆರಾವನ್ನು ಮೊದಲು ಮಾಡಿದ್ದು ಅದರದೇ ಎಂಜಿನಿಯರು! 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಮಾನ್ಸಾಂಟೋ ಕಥೆ ನಮಗೆ ಇನ್ನೂ ಹತ್ತಿರದ್ದು. 1957ರಿಂದ 1967ರವರೆಗೆ ಡಿಸ್ನಿಲ್ಯಾಂಡಿನಲ್ಲಿ ಅದರ 'ನಾಳಿನ ಮನೆ' ಇತ್ತು. ನೆಲ, ಗೋಡೆ, ಕುರ್ಚಿ, ತಟ್ಟೆ ಎಲ್ಲಿ ನೋಡಿದರೂ ಪ್ಲಾಸ್ಟಿಕ್. ಸುಖದ ಬದುಕೆಂದರೆ ಪ್ಲಾಸ್ಟಿಕ್ ಎಂದು ಲಕ್ಷಾಂತರ ಜನರಿಗೆ ತೋರಿಸಿದರು. ಕೆಡವಲು ಹೋದಾಗ ಆ ಮನೆ ಬೀಳಲೊಲ್ಲದೆ ಕೆಲಸಗಾರರನ್ನು ಹಲವು ದಿನ ಸತಾಯಿಸಿತಂತೆ. ಪ್ಲಾಸ್ಟಿಕ್ ಸುಲಭಕ್ಕೆ ಹೋಗುವುದಿಲ್ಲ ಎಂದು ಅವತ್ತೇ ಗೊತ್ತಾಗಬೇಕಿತ್ತು. ಅದೇ ಮಾನ್ಸಾಂಟೋದ ಬಿ.ಟಿ. ಹತ್ತಿಯ ಪ್ರಯೋಗದ ಹೊಲಕ್ಕೆ 1998ರ ನವೆಂಬರಿನಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರೊ. ನಂಜುಂಡಸ್ವಾಮಿಯವರ ರೈತಸಂಘ ಬೆಂಕಿ ಇಟ್ಟಿತು. ಆ ಕೆಲಸ ಸರಿಯೋ ತಪ್ಪೋ ನೀವು ವಾದ ಮಾಡಿಕೊಳ್ಳಿ. 2018ರಲ್ಲಿ ಬಾಯರ್ ಕಂಪನಿ ಮಾನ್ಸಾಂಟೋವನ್ನು ಕೊಂಡು ಆ ಹೆಸರನ್ನೇ ಅಳಿಸಿಹಾಕಿತು. ಕಂಪನಿ ತನ್ನ ಹೆಸರನ್ನು ಅಳಿಸಿಕೊಳ್ಳಬಹುದು. ನಿಮ್ಮ ಡಬ್ಬಿಯಲ್ಲಿರುವ ಬಿಲ್ಲೆಯ ಮೇಲಿನ ಹೆಸರನ್ನು ಅದು ಅಳಿಸಲಾರದು. ಕೂಡಿಡುವವನ ಬಲ ಅಲ್ಲಿದೆ.

ಬೆಂಗಳೂರಿನ ಕೊರಳಪಟ್ಟಿ

ಇದೆಲ್ಲ ಅಮೆರಿಕದ ಕಥೆ, ನಮಗೇನು ಎನ್ನುವಿರಾ? ಬೆಳಿಗ್ಗೆ ಎಂಟಕ್ಕೆ ಬೆಂಗಳೂರಿನ ಯಾವುದಾದರೂ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ನೂರು ಕೊರಳುಗಳಲ್ಲಿ ನೂರು ಪಟ್ಟಿ. ಎಪ್ಕಾಟಿನ ಮಂಟಪಗಳಿಗೆ ಹಣ ಹಾಕಿದ ಜನರಲ್ ಎಲೆಕ್ಟ್ರಿಕ್, ಸೀಮೆನ್ಸ್, ಎಚ್.ಪಿ. ಈ ಮೂರಕ್ಕೂ ನಮ್ಮ ಊರಿನಲ್ಲಿ ಕಚೇರಿಗಳು ಎದ್ದವು. ಜನರಲ್ ಎಲೆಕ್ಟ್ರಿಕ್ ತನ್ನ ದೊಡ್ಡ ಸಂಶೋಧನಾ ಕೇಂದ್ರವನ್ನು 2000ದಲ್ಲಿ ಇಲ್ಲಿ ತೆರೆಯಿತು. ಅಲ್ಲಿ ಪ್ರವಾಸಿಯ ಎದೆಯ ಮೇಲೆ ಇದ್ದ ಹೆಸರು ಇಲ್ಲಿ ನೌಕರನ ಕೊರಳಲ್ಲಿದೆ. ನೌಕರನಿಗೆ ಸಂಬಳ ಬರುತ್ತದೆ, ಅದು ಡವಾಲಿಯ ನ್ಯಾಯ. ಕೆಲಸ ಮುಗಿದ ಮೇಲೆ ಪಟ್ಟಿ ತೆಗೆದು ಜೇಬಿಗಿಡುವ ಹಕ್ಕೂ ಅವನಿಗಿದೆ. ಭಾನುವಾರವೂ ಆ ಪಟ್ಟಿ ತೆಗೆಯದ ಹುಡುಗರನ್ನು ನೀವು ನೋಡಿಲ್ಲವೇ?

ನಮ್ಮದೂ ಒಂದು ಬಿಲ್ಲೆ ಇದೆ. ನವೆಂಬರ್ ಒಂದರಂದು ಎದೆಗೆ ಚುಚ್ಚಿಕೊಳ್ಳುವ ಹಳದಿ ಕೆಂಪು ಬಿಲ್ಲೆ. ಆ ಬಾವುಟವನ್ನು ರೂಪಿಸಿದವರು ಮ. ರಾಮಮೂರ್ತಿಗಳು. ಯಾವ ಕಂಪನಿಯೂ ಅದಕ್ಕೆ ಹಣ ಹಾಕಲಿಲ್ಲ. ಬಿಲ್ಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಯಾರ ಹೆಸರೂ ಇರಬೇಕಾಗಿಲ್ಲ. ನಾಳೆ ಯಾರಾದರೂ ಪುಕ್ಕಟೆ ಬಿಲ್ಲೆ ಹಂಚಲು ಬಂದು, ಬಾವುಟದ ಕೆಳಗೆ ತಮ್ಮ ಅಂಗಡಿಯ ಹೆಸರು ಹಾಕಿದ್ದರೆ, ತೆಗೆದುಕೊಳ್ಳುವ ಮೊದಲು ಒಂದು ಮಾತು ಕೇಳಿ: ನಿಮ್ಮ ಅಂಗಡಿಯ ಬೋರ್ಡಿನಲ್ಲಿ ಕನ್ನಡ ಎಷ್ಟು ದೊಡ್ಡದಾಗಿದೆ?

ಕೂಡಿಡಿ, ಆದರೆ ಓದಿ

ಪಿನ್ನು ಕೂಡಿಡುವ ಗೆಳೆಯರಿಗೆ ನಾಲ್ಕು ಮಾತು. ಒಂದು, ಪಿನ್ನು ಕೈಗೆ ಬಂದ ಕೂಡಲೇ ಮುಖ ನೋಡಬೇಡಿ, ಬೆನ್ನು ನೋಡಿ. ಹಕ್ಕು ಯಾರದು, ಎಲ್ಲಿ ತಯಾರಾಯಿತು, ಎಷ್ಟು ಮಾಡಿದರು ಎಂಬುದು ಅಲ್ಲಿರುತ್ತದೆ. ಎರಡು, ಪ್ರಾಯೋಜಕನ ಹೆಸರಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ವರ್ಷದಿಂದ ಯಾವ ವರ್ಷದವರೆಗೆ ಆ ಕಂಪನಿ ಅಲ್ಲಿತ್ತು, ಅದೇ ವರ್ಷಗಳಲ್ಲಿ ಹೊರಗೆ ಏನು ಮಾಡುತ್ತಿತ್ತು. ಕನ್ನಡದಲ್ಲೇ ಬರೆಯಿರಿ, ಆ ಟಿಪ್ಪಣಿ ಪಿನ್ನಿಗಿಂತ ಬೆಲೆಬಾಳುತ್ತದೆ. ಮೂರು, ದುಡ್ಡು ಕೊಟ್ಟು ಜಾಹೀರಾತು ಕೊಳ್ಳಬೇಡಿ. ಪ್ರಾಯೋಜಕನ ಪಿನ್ನು ಬೇಕಾದರೆ ಬದಲಾವಣೆಯಲ್ಲಿ ಪಡೆಯಿರಿ. ನಾಲ್ಕು, ಒಂದೇ ವಿಷಯ ಹಿಡಿಯಿರಿ. 'ಆಟೋಪಿಯಾ' ಒಂದನ್ನೇ ಹಿಡಿದರೆ 1955ರ ರಿಚ್‌ಫೀಲ್ಡ್ ಎಣ್ಣೆ, 2000ದ ಶೆವ್ರಾನ್ ಎಣ್ಣೆ, 2016ರ ಹೋಂಡಾ, 2024ರಲ್ಲಿ ಪೆಟ್ರೋಲು ಬಿಟ್ಟು ವಿದ್ಯುತ್ತಿಗೆ ಹೋಗುತ್ತೇವೆಂದ ಡಿಸ್ನಿಯ ಮಾತು, ಹೀಗೆ ಎಪ್ಪತ್ತು ವರ್ಷದ ಕಾರು ಮತ್ತು ಎಣ್ಣೆಯ ಕಥೆ ಅಂಗೈಯಲ್ಲಿ ಬರುತ್ತದೆ. ಅಂಥ ಹತ್ತು ಪಿನ್ನು ಗೊತ್ತುಗುರಿಯಿಲ್ಲದ ಸಾವಿರ ಪಿನ್ನಿಗೆ ಸಮ.

ಹೀಗೆ ಮಾಡಿದರೆ ನೀವು ಕಂಪನಿಯ ನಡೆದಾಡುವ ಬೋರ್ಡಲ್ಲ, ಅದರ ಲೆಕ್ಕಪತ್ರ ಇಡುವ ಶಾನುಭೋಗರು. ಶಾನುಭೋಗರ ಖಾತೆಯ ಪುಸ್ತಕಕ್ಕೆ ಊರಗೌಡನೂ ಹೆದರುತ್ತಿದ್ದ ಕಾಲವೊಂದಿತ್ತು. ಮುಂದಿನ ಸಲ ಅಮೆರಿಕದ ಅಣ್ಣ ಸೂಟ್‌ಕೇಸ್ ಬಿಚ್ಚಿ ಪಿನ್ನು ಕೈಗಿಟ್ಟಾಗ ಬೇಡ ಅನ್ನಬೇಡಿ, ಪ್ರೀತಿಯಿಂದ ಕೊಟ್ಟದ್ದನ್ನು ತೆಗೆದುಕೊಳ್ಳಿ. ಎದೆಗೆ ಚುಚ್ಚಿಕೊಳ್ಳುವ ಮೊದಲು ಮಾತ್ರ ತಿರುಗಿಸಿ ಓದಿ, ಇದು ಯಾರ ಬಿಲ್ಲೆ ಎಂದು ಅವನನ್ನೇ ಕೇಳಿ. ಅವನಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಹುಡುಕಿ.